ಹೇಳದೆ ಬಿಟ್ಟ ಬೆಲೆ ಯಾರದು?

ಹೋಟೆಲಿಗೆ ಹೋದವರು ‘ಒಂದು ಕಾಫಿ’ ಎಂದಷ್ಟೇ ಹೇಳಿ ಸುಮ್ಮನೆ ಕುಳಿತುಕೊಳ್ಳುವರು. ಸಕ್ಕರೆ ಹಾಕಬೇಕೆಂದು ಅವರು ಹೇಳಿರುವುದಿಲ್ಲ; ಆದರೂ ಸಕ್ಕರೆ ಹಾಕಿದ ಕಾಫಿಯೇ ಮುಂದೆ ಬಂದು ಕೂರುತ್ತದೆ. ಸಕ್ಕರೆ ಬೇಡವಾದವರು ಮಾತ್ರ ಬಾಯಿಬಿಟ್ಟು ಹೇಳಬೇಕು. ಹೀಗೆ ಹೇಳದೆ ಬಿಟ್ಟ ಮಾತಿಗೂ ಒಂದು ಅರ್ಥವನ್ನು ಮೊದಲೇ ಗೊತ್ತುಮಾಡಿಡುವ ಪದ್ಧತಿ ಲೋಕವ್ಯವಹಾರದಲ್ಲೆಲ್ಲ ಉಂಟು. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲಿಯೂ ಅದು ಬಂದು ಸೇರಿದೆ. ಅಲ್ಲಿ ಅದಕ್ಕೆ ಡಿಫಾಲ್ಟ್ ಬೆಲೆಯೆಂದು ಹೆಸರು. ಬಹಳ ಅನುಕೂಲವಾದ ಏರ್ಪಾಡು, ಸಂದೇಹವಿಲ್ಲ. ಆದರೆ ಈ ಅನುಕೂಲದೊಳಗೆ ಒಂದು ತೊಡಕು ಅಡಗಿ ಕುಳಿತಿದೆ. ಅದನ್ನು ಪ್ರೋಗ್ರಾಮು ಬರೆಯುವವರ ಮನೆಯ ಮಾತೆಂದು ಬಿಡದೆ, ವಿಜ್ಞಾನವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ. ಹಾಗೆ ಅಭಿಪ್ರಾಯ ಪಡಲು ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇವೆ.

1971ರ ಆಗಸ್ಟ್ ತಿಂಗಳಿನಲ್ಲಿ ಅಪೋಲೊ 15ರ ನಾಯಕ ಡೇವಿಡ್ ಸ್ಕಾಟ್ ಚಂದ್ರನ ನೆಲದ ಮೇಲೆ ನಿಂತು, ಒಂದು ಕೈಯಿಂದ ಸುತ್ತಿಗೆಯನ್ನೂ ಇನ್ನೊಂದು ಕೈಯಿಂದ ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟು ತೋರಿಸಿದುದನ್ನು ವಾಚಕರು ಕೇಳಿರಬಹುದು. ಗಾಳಿಯಿಲ್ಲದ ಆ ನೆಲದಲ್ಲಿ ಎರಡೂ ಏಕಕಾಲದಲ್ಲಿ ಕೆಳಗೆ ಬಂದುವು. ಆ ಚಲಚ್ಚಿತ್ರವನ್ನು ಇಂದು ಯಾರು ಬೇಕಾದರೂ ನೋಡಬಹುದು. ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಅದನ್ನು ನೋಡಿ, ಸುಮಾರು 1.6 ಮೀಟರ್ ಎತ್ತರದಿಂದ ಬಿಟ್ಟ ಕಾಯವು ನೆಲ ಮುಟ್ಟಲು ಬೇಕಾಗುವ ಕಾಲವನ್ನು ಭೂಮಿಗೂ ಚಂದ್ರನಿಗೂ ಲೆಕ್ಕ ಮಾಡಿ ತೋರಿಸುವ ಪ್ರೋಗ್ರಾಮೊಂದನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದಳು. ಲೆಕ್ಕವೇನೋ ಸುಲಭವಾದದ್ದು. ಎತ್ತರದ ಎರಡರಷ್ಟನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ಬಂದ ಭಾಗಲಬ್ಧದ ವರ್ಗಮೂಲವನ್ನು ತೆಗೆದರೆ ಆಯಿತು. ಭೂಮಿಯ ಮೇಲೆ ಈ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.8 ಮೀಟರ್, ಚಂದ್ರನ ಮೇಲೆ 1.62 ಮೀಟರ್. ಆದುದರಿಂದ ಭೂಮಿಗೆ 0.57 ಸೆಕೆಂಡು, ಚಂದ್ರನಿಗೆ 1.41 ಸೆಕೆಂಡು ಬರಬೇಕು.

ಪ್ರೋಗ್ರಾಮು ಒಂದು ತಕರಾರೂ ಇಲ್ಲದೆ ಓಡಿತು. ಪರದೆಯ ಮೇಲೆ ಮೂಡಿದ ಎರಡನೆಯ ಸಾಲು ಹೀಗಿತ್ತು: ‘ಚಂದ್ರನ ಮೇಲೆ, ನಿರ್ವಾತದಲ್ಲಿ: 0.57 ಸೆಕೆಂಡು.’ ತಲೆಬರಹ ಚಂದ್ರನದು, ಲೆಕ್ಕ ಭೂಮಿಯದು!

ಆ ಹುಡುಗಿ ಚಲಚ್ಚಿತ್ರವನ್ನು ನೋಡಿದ್ದಳಾದ ಕಾರಣ ಅನುಮಾನಪಟ್ಟಳು; ಸುತ್ತಿಗೆ ನಿಧಾನವಾಗಿ ಇಳಿಯುವುದು ಅವಳ ಕಣ್ಣಿನಲ್ಲಿತ್ತು. ನೋಡದೆ ಇದ್ದಿದ್ದರೆ ಆ ಅಂಕಿಯನ್ನು ದಾಖಲೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು, ನಾವೂ ಕೆಂಪು ಶಾಯಿಯಲ್ಲಿ ಸರಿಯೆಂದು ಗುರುತು ಹಾಕುತ್ತಿದ್ದೆವೋ ಏನೋ. ಅವಳು ಸೂತ್ರವನ್ನು ನೋಡಿದಳು, ಸರಿಯಾಗಿತ್ತು. ಚಂದ್ರನ ಬೆಲೆಯನ್ನು ನೋಡಿದಳು, 1.62 ಎಂದೇ ಬರೆದಿತ್ತು. ಇನ್ನೂ ಸೋಜಿಗವೆಂದರೆ, ಅದೇ ಚಂದ್ರನನ್ನು ಪಟ್ಟಿಯಿಂದ ಹೊರತೆಗೆದು ಚಂದ್ರನೆಂದೇ ಹೆಸರಿಸಿ ಪ್ರತ್ಯೇಕವಾಗಿ ಕೇಳಿದಾಗ 1.41 ಎಂಬ ಸರಿಯುತ್ತರ ಬಂದಿತು. ಒಂದೇ ವಸ್ತು, ಒಂದೇ ಪ್ರಶ್ನೆ; ಕೇಳಿದ ದಾರಿ ಬೇರೆಯಾದುದಕ್ಕೆ ಉತ್ತರವೂ ಬೇರೆ. ನಾವಿಬ್ಬರೂ ಒಂದು ಇಡೀ ಮಧ್ಯಾಹ್ನವನ್ನು ಇದಕ್ಕಾಗಿ ಕಳೆದೆವು.

ಇದರ ಮೂಲವನ್ನು ತಿಳಿಯಬೇಕಾದರೆ ಆ ಪ್ರೋಗ್ರಾಮಿನ ರಚನೆಯನ್ನು ಸ್ವಲ್ಪ ನೋಡಬೇಕು. ಇಂದಿನ ಬಹುತೇಕ ಭಾಷೆಗಳಲ್ಲಿ ಒಂದು ಜಾತಿಯ ವಸ್ತುಗಳಿಗೆಲ್ಲ ಸಮಾನವಾದ ಗುಣಗಳನ್ನೂ ಅವು ಮಾಡಬಲ್ಲ ಕೆಲಸಗಳನ್ನೂ ಒಂದೆಡೆ ಬರೆದಿಡುತ್ತಾರೆ. ಈ ಬರಹಕ್ಕೆ ವರ್ಗ ಅಥವಾ ಕ್ಲಾಸ್ ಎಂದೂ ಅದರೊಳಗಿನ ಒಂದೊಂದು ಕೆಲಸಕ್ಕೆ ಮೆಥಡ್ ಎಂದೂ ಹೆಸರು. ಮೆಥಡ್ ತನ್ನ ಕೆಲಸ ಮಾಡಲು ಹೊರಗಿನಿಂದ ಕೇಳಿ ಪಡೆಯುವ ಅಂಶಗಳೇ ಪ್ಯಾರಾಮೀಟರುಗಳು. ಅವಳು ‘ಗೋಳ’ ಎಂಬ ಮೂಲವರ್ಗವನ್ನು ಬರೆದು, ಅದರಲ್ಲಿ ‘ಬೀಳುವ ಕಾಲ’ ಎಂಬ ಮೆಥಡ್ ಇಟ್ಟಿದ್ದಳು. ಅದಕ್ಕೆ ಎರಡು ಪ್ಯಾರಾಮೀಟರುಗಳು: ಎತ್ತರ ಮತ್ತು ವೇಗೋತ್ಕರ್ಷ. ಎರಡನೆಯದನ್ನು ಹೇಳದಿದ್ದರೆ 9.8 ಎಂದು ತಿಳಿಯತಕ್ಕದ್ದು, ಎಂದು ಡಿಫಾಲ್ಟ್ ಬೆಲೆಯನ್ನೂ ಬರೆದಿದ್ದಳು.

ಆಮೇಲೆ ‘ಚಂದ್ರ’ ಎಂಬ ಉಪವರ್ಗ. ಹಿರಿಯರ ಆಸ್ತಿ ಮಕ್ಕಳಿಗೆ ಬರುವಂತೆ ಮೂಲವರ್ಗದ ಗುಣಗಳೂ ಕೆಲಸಗಳೂ ಉಪವರ್ಗಕ್ಕೆ ತಾವಾಗಿ ಬರುತ್ತವೆ, ಇದೇ ಇನ್‌ಹೆರಿಟೆನ್ಸ್. ಬಂದ ಆಸ್ತಿಯನ್ನು ಮಕ್ಕಳು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ಹಕ್ಕೂ ಉಂಟು. ಅವಳು ಚಂದ್ರನಲ್ಲಿ ‘ಬೀಳುವ ಕಾಲ’ವನ್ನು ಹೊಸದಾಗಿ ಬರೆದು, ಡಿಫಾಲ್ಟ್ ಬೆಲೆಯನ್ನು 1.62 ಎಂದು ತಿದ್ದಿದ್ದಳು. ಕೊನೆಗೆ ಭೂಮಿ, ಚಂದ್ರ ಎಲ್ಲವನ್ನೂ ‘ಗೋಳಗಳ ಪಟ್ಟಿ’ಯೊಂದರಲ್ಲಿ ಸೇರಿಸಿ, ಎತ್ತರವನ್ನು ಮಾತ್ರ ಕೊಟ್ಟು, ಒಂದೊಂದಾಗಿ ಎಲ್ಲಕ್ಕೂ ಅದೇ ಪ್ರಶ್ನೆಯನ್ನು ಹಾಕಿದಳು. ಪಟ್ಟಿಯಲ್ಲಿರುವುದು ಚಂದ್ರನಾದರೆ ಚಂದ್ರನ ಮೆಥಡ್ಡೇ ಓಡಬೇಕೆಂಬುದು ವರ್ಚುಯಲ್ ಮೆಥಡ್ ಎಂಬ ಏರ್ಪಾಡಿನ ಉದ್ದೇಶ. ಹಾಗೆಯೇ ಓಡಿತು ಕೂಡ. ತಲೆಬರಹ ಸರಿಯಾಗಿ ಬಂದುದೇ ಅದಕ್ಕೆ ಸಾಕ್ಷಿ. ಬೆಲೆ ಮಾತ್ರ ಮೂಲವರ್ಗದಿಂದ ಬಂದಿತ್ತು.

ಮತ್ತೆ ಹೋಟೆಲಿಗೇ ಹೋಗೋಣ. ಹಲವು ಶಾಖೆಗಳುಳ್ಳ ದೊಡ್ಡ ಹೋಟೆಲೆಂದು ಭಾವಿಸಿ. ‘ಹೇಳದಿದ್ದರೆ ಸಕ್ಕರೆ ಎರಡು ಚಮಚ’ ಎಂದು ಕೇಂದ್ರ ಕಚೇರಿ ಅಚ್ಚುಹಾಕಿಸಿ ಎಲ್ಲ ಶಾಖೆಗಳಿಗೂ ಕಳುಹಿಸಿದೆ. ಒಂದು ಶಾಖೆಯ ಅಡುಗೆಯವನು ತನ್ನ ಅಡುಗೆಮನೆಯ ಗೋಡೆಯ ಮೇಲೆ ‘ಹೇಳದಿದ್ದರೆ ಸಕ್ಕರೆ ಇಲ್ಲ’ ಎಂದು ಬರೆದುಕೊಂಡಿದ್ದಾನೆ. ನೀವು ‘ಕಾಫಿ’ ಎನ್ನುತ್ತೀರಿ. ಮಾಣಿ ಅಲ್ಲಿಯೇ ನಿಂತು ಕೇಂದ್ರ ಕಚೇರಿಯ ಕಾಗದವನ್ನು ನೋಡಿ ‘ಕಾಫಿ, ಸಕ್ಕರೆ ಎರಡು’ ಎಂದು ಚೀಟಿ ಬರೆದು ಒಳಗೆ ಕಳುಹಿಸುತ್ತಾನೆ. ಚೀಟಿಯಲ್ಲಿ ಸಕ್ಕರೆಯ ಮಾತು ಸ್ಪಷ್ಟವಾಗಿ ಬರೆದಿರುವಾಗ ಅಡುಗೆಯವನು ತನ್ನ ಗೋಡೆಯ ಬರಹವನ್ನು ನೋಡುವ ಪ್ರಸಂಗವೇ ಬರುವುದಿಲ್ಲ. ಅದನ್ನು ಗಿರಾಕಿ ಹೇಳಿದನೋ ಮಾಣಿ ತುಂಬಿದನೋ ಅವನಿಗೆ ತಿಳಿಯುವಂತೆಯೂ ಇಲ್ಲ. ಡಿಕಾಕ್ಷನ್ ಅವನದು, ಸಕ್ಕರೆ ಮಾತ್ರ ಕೇಂದ್ರ ಕಚೇರಿಯದು. ಅವನು ಎಂದೂ ಮಾಡಬೇಕೆಂದಿರದ ಕಾಫಿ ನಿಮ್ಮ ಮೇಜಿಗೆ ಬರುತ್ತದೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಈ ಮಾಣಿಯ ಕೆಲಸವನ್ನು ಮಾಡುವುದು ಕಂಪೈಲರು, ಎಂದರೆ ನಾವು ಬರೆದುದನ್ನು ಯಂತ್ರಭಾಷೆಗೆ ಇಳಿಸುವ ಪ್ರೋಗ್ರಾಮು. ಅದು ಕೆಲಸ ಮಾಡುವುದು ಪ್ರೋಗ್ರಾಮು ಓಡುವುದಕ್ಕೆ ಮೊದಲು. ಆಗ ಅದಕ್ಕೆ ಕಾಣುವುದು ‘ಇದು ಯಾವುದೋ ಒಂದು ಗೋಳ’ ಎಂಬಷ್ಟೇ. ಆದುದರಿಂದ ಬಿಟ್ಟುಹೋದ ಸ್ಥಳದಲ್ಲಿ ಗೋಳವರ್ಗದ 9.8ನ್ನು ಬರೆದು ಮುಗಿಸುತ್ತದೆ. ಯಾರ ಮೆಥಡ್ ಎಂಬುದು ನಿಷ್ಕರ್ಷೆಯಾಗುವುದು ಪ್ರೋಗ್ರಾಮು ಓಡುವಾಗ. ಯಾರ ಬೆಲೆ ಎಂಬುದು ಅದಕ್ಕೆ ಎಷ್ಟೋ ಮೊದಲೇ ನಿಷ್ಕರ್ಷೆಯಾಗಿಬಿಟ್ಟಿರುತ್ತದೆ. ಇದು ಕಂಪೈಲರಿನ ದೋಷವೆಂದು ಯಾರೂ ತಿಳಿಯಬಾರದು. ಆ ಭಾಷೆಯ ಅಂಗೀಕೃತ ನಿಯಮಗ್ರಂಥವೇ ಹೀಗೆ ನಡೆಯತಕ್ಕದ್ದೆಂದು ವಿಧಿಸುತ್ತದೆ. ನಿಯಮಕ್ಕೆ ಅನುಸಾರವಾದುದನ್ನು ಕಂಪೈಲರು ತಪ್ಪೆಂದು ತಡೆಯುವುದಾದರೂ ಹೇಗೆ?

ಇಂಥ ನಿಯಮವನ್ನು ಮಾಡಿದವರು ಬುದ್ಧಿಯಿಲ್ಲದವರೇನೂ ಅಲ್ಲ. ವರ್ಗ, ಉಪವರ್ಗ, ವರ್ಚುಯಲ್ ಎಂಬ ಕಲ್ಪನೆಗಳು ಮೊದಲು ರೂಪುಗೊಂಡುದು ನಾರ್ವೆ ದೇಶದ ಓಸ್ಲೊ ನಗರದಲ್ಲಿ, ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಎಂಬಿಬ್ಬರು ನಿರ್ಮಿಸಿದ ಸಿಮ್ಯುಲಾ 67 ಎಂಬ ಭಾಷೆಯಲ್ಲಿ. ಡೆನ್ಮಾರ್ಕಿನವರಾದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಸಿಮ್ಯುಲಾವನ್ನು ಬಳಸಿದರು. ಅದರ ಸೊಗಸಿಗೆ ಮನಸೋತರು, ಅದರ ನಿಧಾನಕ್ಕೆ ಬೇಸತ್ತರು. 1979ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅವರು ಆರಂಭಿಸಿದ ಕೆಲಸವೇ ಸಿ ಪ್ಲಸ್ ಪ್ಲಸ್ ಆಗಿ ಬೆಳೆದು 1985ರಲ್ಲಿ ಹೊರಬಂದಿತು. ವೇಗಕ್ಕೆ ಧಕ್ಕೆ ತಾರದೆ ಸಿಮ್ಯುಲಾದ ಸೊಗಸನ್ನು ತರುವುದು ಅವರ ಗುರಿ. ವರ್ಚುಯಲ್ ಮೆಥಡ್ ಓಡುವಾಗ ಯಂತ್ರವು ಒಂದು ಸಣ್ಣ ಕೋಷ್ಟಕವನ್ನು ನೋಡಿ, ಅಲ್ಲಿ ಬರೆದ ವಿಳಾಸಕ್ಕೆ ಹೋಗುತ್ತದೆ, ಅಷ್ಟೇ ಖರ್ಚು. ಡಿಫಾಲ್ಟ್ ಬೆಲೆಯನ್ನೂ ಓಡುವಾಗಲೇ ಹುಡುಕಬೇಕಾದರೆ ಇನ್ನೊಂದು ಏರ್ಪಾಡು ಬೇಕು, ಇನ್ನಷ್ಟು ಕಾಲ ಬೇಕು. ಅದನ್ನು ಬೇಡವೆಂದು ಬಿಟ್ಟುದು ಸಮಂಜಸವಾದ ಲೆಕ್ಕಾಚಾರವೇ ಸರಿ. ನಮ್ಮ ಆಕ್ಷೇಪ ಅದಕ್ಕಲ್ಲ. ಉಪವರ್ಗದಲ್ಲಿ ಬರೆದ ಬೆಲೆ ಮೂಲವರ್ಗದ ದಾರಿಯಿಂದ ಬಂದವರಿಗೆ ಸಿಕ್ಕುವುದಿಲ್ಲವೆಂದಾದ ಮೇಲೆ, ಅದನ್ನು ಅಲ್ಲಿ ಬರೆಯಲು ಅನುಮತಿ ಏಕೆ ಕೊಡಬೇಕಾಗಿತ್ತು? ಸ್ಕಾಟ್ ಮೆಯರ್ಸ್ ಎಂಬ ಲೇಖಕರು ಆ ಭಾಷೆಯನ್ನು ಬಳಸುವವರಿಗಾಗಿ ಬರೆದ ಪ್ರಸಿದ್ಧ ಪುಸ್ತಕದಲ್ಲಿ, ಪಡೆದುಕೊಂಡ ಡಿಫಾಲ್ಟ್ ಬೆಲೆಯನ್ನು ಎಂದಿಗೂ ಬದಲಿಸಬಾರದೆಂಬುದನ್ನು ಒಂದು ಪ್ರತ್ಯೇಕ ವಿಧಿಯಾಗಿಯೇ ಹೇಳಬೇಕಾಯಿತು. ಭಾಷೆಯೇ ಹಾಕಬಹುದಾಗಿದ್ದ ಬೇಲಿಯನ್ನು ಪುಸ್ತಕ ಹಾಕಬೇಕಾಗಿ ಬಂದಿತು.

ಉಳಿದ ಭಾಷೆಗಳು ಏನು ಮಾಡಿವೆ? ಪೈಥಾನ್‌ನಲ್ಲಿ ಮಾಣಿ ಚೀಟಿಯನ್ನು ಖಾಲಿ ಬಿಟ್ಟು ಕಳುಹಿಸುತ್ತಾನೆ, ತುಂಬುವವನು ಅಡುಗೆಯವನೇ. ಆದುದರಿಂದ ನಮ್ಮ ವಿದ್ಯಾರ್ಥಿನಿಯ ಲೆಕ್ಕವನ್ನು ಪೈಥಾನ್‌ನಲ್ಲಿ ಬರೆದರೆ ಎರಡು ದಾರಿಯಲ್ಲಿಯೂ 1.41 ಎಂದೇ ಬರುತ್ತದೆ. (ಪೈಥಾನ್‌ಗೆ ಬೇರೊಂದು ಚೇಷ್ಟೆ ಇದೆ: ಡಿಫಾಲ್ಟ್ ಬೆಲೆಯನ್ನು ಮೆಥಡ್ ಬರೆದಾಗ ಒಮ್ಮೆ ಮಾತ್ರ ಸಿದ್ಧಮಾಡುವುದರಿಂದ, ಖಾಲಿ ಪಟ್ಟಿಯೊಂದನ್ನು ಡಿಫಾಲ್ಟಾಗಿ ಇಟ್ಟವರು ಎರಡನೆಯ ಸಲ ಕರೆದಾಗ ಅದರಲ್ಲಿ ಹಿಂದಿನ ಸಲದ ಕಸ ತುಂಬಿರುವುದನ್ನು ಕಾಣಬಹುದು. ಅದು ಇನ್ನೊಂದು ಲೇಖನದ ವಿಷಯ.) ಸ್ಕಾಲ ಎಂಬ ಭಾಷೆ ಡಿಫಾಲ್ಟ್ ಬೆಲೆಯನ್ನೇ ಮರೆಯಲ್ಲಿ ಒಂದು ಪುಟ್ಟ ಮೆಥಡ್ಡಾಗಿ ಮಾಡಿಡುತ್ತದೆ, ಉಪವರ್ಗ ಅದನ್ನು ಬದಲಿಸಿದರೆ ಬದಲಾದುದೇ ಸಿಕ್ಕುತ್ತದೆ. ಜಾವಾ ಭಾಷೆಯಲ್ಲಿ ಡಿಫಾಲ್ಟ್ ಬೆಲೆಯೆಂಬುದೇ ಇಲ್ಲ. ಒಂದೇ ಹೆಸರಿನ ಎರಡು ಮೆಥಡ್‌ಗಳನ್ನು ಬರೆದು, ಚಿಕ್ಕದು ದೊಡ್ಡದನ್ನು ಕರೆಯುವಂತೆ ಮಾಡಬೇಕು. ಬರೆಯುವುದು ಹೆಚ್ಚು, ಗೊಂದಲ ಕಡಮೆ.

ಸಿ ಶಾರ್ಪ್‌ನ ಕಥೆ ವಿಚಾರಮಾಡತಕ್ಕದ್ದು. 2010ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಡಿಫಾಲ್ಟ್ ಬೆಲೆಗಳಿಗೆ ಪ್ರವೇಶ ಕೊಟ್ಟಾಗ, ಆ ಭಾಷೆಯೂ ಮಾಣಿಯ ದಾರಿಯನ್ನೇ ಹಿಡಿಯಿತು. ಇದರಿಂದ ಇನ್ನೊಂದು ಪರಿಣಾಮವೂ ಉಂಟಾಯಿತು. ಬೆಲೆಯನ್ನು ತುಂಬುವುದು ಕರೆಯುವವನ ಪ್ರೋಗ್ರಾಮಿನಲ್ಲಿ. ಆದುದರಿಂದ ಮೆಥಡ್ ಬರೆದವನು ಆಮೇಲೆ ಡಿಫಾಲ್ಟ್ ಬೆಲೆಯನ್ನು ತಿದ್ದಿದರೂ, ಕರೆಯುವವನು ತನ್ನದನ್ನು ಮತ್ತೊಮ್ಮೆ ಕಂಪೈಲ್ ಮಾಡುವವರೆಗೆ ಹಳೆಯ ಬೆಲೆಯೇ ನಡೆಯುತ್ತಿರುತ್ತದೆ.

ರಸಾಯನ ವಿಜ್ಞಾನ ಓದುವ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಇದು ಹೊಸದೇನೂ ಅಲ್ಲ. ಆದರ್ಶ ಅನಿಲದ ಒಂದು ಮೋಲ್‌ನ ಗಾತ್ರ ಪ್ರಮಾಣ ಸ್ಥಿತಿಯಲ್ಲಿ 22.4 ಲೀಟರ್ ಎಂದು ಹಿರಿಯರು ಹೇಳುವರು. ಹೊಸ ಪಠ್ಯಪುಸ್ತಕ 22.7 ಎನ್ನುತ್ತದೆ. ಇಬ್ಬರ ಮಾತೂ ನಿಜ. ಹಿಂದೆ ‘ಪ್ರಮಾಣ ಒತ್ತಡ’ ಎಂದರೆ ಒಂದು ವಾಯುಭಾರ ಎಂದಿದ್ದಿತು. 1982ರಲ್ಲಿ ಅಂತರರಾಷ್ಟ್ರೀಯ ರಸಾಯನ ಸಂಘವು ಅದನ್ನು ಒಂದು ಬಾರ್ ಎಂದು ಬದಲಾಯಿಸಿತು. ಒತ್ತಡ ಸ್ವಲ್ಪ ಕಡಮೆಯಾಯಿತು, ಗಾತ್ರ ಸ್ವಲ್ಪ ಹೆಚ್ಚಿತು. ‘ಪ್ರಮಾಣ ಸ್ಥಿತಿ’ ಎಂಬ ಮಾತು ಡಿಫಾಲ್ಟ್ ಬೆಲೆಯಲ್ಲದೆ ಮತ್ತೇನು? ಹಳೆಯ ಒತ್ತಡವನ್ನು ಹಳೆಯ ಗಾತ್ರದೊಡನೆ ಇಟ್ಟರೂ ಸರಿ, ಹೊಸದನ್ನು ಹೊಸದರೊಡನೆ ಇಟ್ಟರೂ ಸರಿ. ಹೊಸ ಒತ್ತಡವನ್ನು ಹೇಳಿ 22.4ನ್ನು ಬರೆದವನ ಲೆಕ್ಕ ಮಾತ್ರ ಯಾವ ಕಾಲದ್ದೂ ಅಲ್ಲ.

ನಮ್ಮ ವಾದದ ತಿರುಳು ಇಷ್ಟೇ. ಬೆಲೆಯನ್ನು ಮೂಲವರ್ಗ ಗೊತ್ತುಮಾಡಲಿ, ಅಥವಾ ಉಪವರ್ಗ ಗೊತ್ತುಮಾಡಲಿ. ಆದರೆ ಬೆಲೆಯನ್ನು ಒಬ್ಬರಿಂದಲೂ ಕೆಲಸವನ್ನು ಇನ್ನೊಬ್ಬರಿಂದಲೂ ಎತ್ತಿ ಸೇರಿಸಿ, ಯಾರೂ ಬರೆಯದಿದ್ದ ಮೂರನೆಯ ಮೆಥಡ್ಡೊಂದನ್ನು ಮೌನವಾಗಿ ಹುಟ್ಟಿಸಬಾರದು. ಪೈಥಾನ್, ಸ್ಕಾಲಗಳ ದಾರಿ ಈ ದೋಷದಿಂದ ಮುಕ್ತವಾಗಿದೆ. ಆದರೂ ನಮಗೆ ಮೆಚ್ಚುಗೆಯಾಗಿರುವುದು ಕಾಟ್ಲಿನ್ ಭಾಷೆಯ ನಿಯಮ. 2016ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಈ ಭಾಷೆ, ಉಪವರ್ಗವು ಮೆಥಡ್ಡನ್ನು ಹೊಸದಾಗಿ ಬರೆಯುವಾಗ ಡಿಫಾಲ್ಟ್ ಬೆಲೆಯನ್ನು ಬರೆಯಲೇ ಬಾರದೆಂದು ನಿಷೇಧಿಸುತ್ತದೆ. ಮೂಲವರ್ಗ ಹೇಳಿದುದೇ ಎಲ್ಲರಿಗೂ. ಬರೆದರೆ ಕಂಪೈಲರು ಮುಂದಕ್ಕೆ ಬಿಡುವುದಿಲ್ಲ.

ಇದಕ್ಕೆ ಕಾರಣ ಕೊಡುತ್ತೇವೆ. ಅಮೆರಿಕದ ಗಣಕ ವಿಜ್ಞಾನಿ ಬಾರ್ಬರಾ ಲಿಸ್ಕೊವ್ 1987ರಲ್ಲಿ ಒಂದು ಭಾಷಣದಲ್ಲಿ ಪ್ರತಿಪಾದಿಸಿದ ತತ್ತ್ವವೊಂದು ಈಗ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮೂಲವರ್ಗದ ವಸ್ತು ಇರಬೇಕಾದ ಎಡೆಯಲ್ಲಿ ಉಪವರ್ಗದ ವಸ್ತುವನ್ನು ಇಟ್ಟರೂ, ಮೂಲವರ್ಗವನ್ನು ನಂಬಿ ಬರೆದ ಪ್ರೋಗ್ರಾಮು ಮೋಸಹೋಗಬಾರದೆಂಬುದು ಅದರ ಸಾರ. ಡಿಫಾಲ್ಟ್ ಬೆಲೆ ಮೂಲವರ್ಗವು ಹೊರಗಿನವರಿಗೆ ಕೊಟ್ಟ ಮಾತು: ‘ನೀವು ಹೇಳದಿದ್ದರೆ ನಾನು ಹೀಗೆಂದು ತಿಳಿಯುತ್ತೇನೆ.’ ಕರೆಯುವವನು ಆ ಮಾತನ್ನು ಓದಿಯೇ ಪ್ಯಾರಾಮೀಟರನ್ನು ಬಿಟ್ಟಿರುತ್ತಾನೆ. ತಂದೆ ಕೊಟ್ಟ ಮಾತನ್ನು ಮಗ ಗುಟ್ಟಾಗಿ ಬದಲಾಯಿಸುವುದು ನ್ಯಾಯವಲ್ಲ.

ಇಲ್ಲಿ ಚುರುಕು ಬುದ್ಧಿಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ‘ಹಾಗಾದರೆ ಚಂದ್ರನಿಗೆ ತನ್ನದೇ ಆದ ಬೆಲೆ ಬೇಡವೆ? ಚಂದ್ರನ ಮೇಲೆಯೂ 9.8 ಎಂದು ಒಪ್ಪಬೇಕೆ?’ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನಾವೂ ಬಹಳ ಹೊತ್ತು ಇದರಲ್ಲಿಯೇ ಸಿಕ್ಕಿಕೊಂಡಿದ್ದೆವು. ಆಮೇಲೆ ಹೊಳೆದುದೇನೆಂದರೆ, ವೇಗೋತ್ಕರ್ಷವನ್ನು ಪ್ಯಾರಾಮೀಟರು ಮಾಡಿದುದೇ ಮೂಲ ತಪ್ಪು. ಗೋಳದಿಂದ ಗೋಳಕ್ಕೆ ಬದಲಾಗುವ ಬೆಲೆಯು ಗೋಳದ ಗುಣ. ಕೇಳುವವನು ಬಿಟ್ಟರೆ ಬಿಡಲಿ ಎಂದು ಕೈಗೆ ಕೊಡತಕ್ಕ ಸಾಮಗ್ರಿಯಲ್ಲ. ಉತ್ತರವನ್ನು ಎಷ್ಟು ದಶಾಂಶ ಸ್ಥಾನಗಳವರೆಗೆ ತೋರಿಸಬೇಕು ಎಂಬುದು ಪ್ಯಾರಾಮೀಟರಾಗಲು ಯೋಗ್ಯವಾದದ್ದು, ‘ಹೇಳದಿದ್ದರೆ ಎರಡು’ ಎಂಬುದು ಸೊಗಸಾದ ಡಿಫಾಲ್ಟ್. ಅದು ಭೂಮಿಗೂ ಚಂದ್ರನಿಗೂ ಒಂದೇ. ಉಪವರ್ಗದಲ್ಲಿ ಡಿಫಾಲ್ಟ್ ಬೆಲೆಯನ್ನು ಬದಲಿಸಬೇಕೆಂದು ಕೈ ತುರಿಸಿದಾಗ, ಆ ಬೆಲೆ ನಿಜವಾಗಿ ವಸ್ತುವಿನ ಗುಣವೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಹೆಚ್ಚಿನ ಸಲ ಹೌದೆಂಬ ಉತ್ತರವೇ ನಮಗೆ ಬಂದಿದೆ.

ಈ ತಪ್ಪಿನಲ್ಲಿ ನಮ್ಮಂಥ ಅಧ್ಯಾಪಕರ ಪಾಲೂ ಇದೆಯೆಂದು ಒಪ್ಪಿಕೊಳ್ಳಬೇಕು. ಪ್ರಶ್ನಪತ್ರಿಕೆಯ ನೆತ್ತಿಯ ಮೇಲೆ ‘ಜಿ = 9.8’ ಎಂದು ಬರೆದು ಬರೆದು, ಅದು ಪ್ರಕೃತಿಯ ಶಾಸನವೆಂಬ ಭಾವನೆಯನ್ನು ಮಕ್ಕಳಲ್ಲಿ ಬೆಳೆಸಿದವರು ನಾವೇ. ಭೂಮಿಯ ಮೇಲೆಯೇ ಅದು ಸಮಭಾಜಕ ವೃತ್ತದ ಬಳಿ 9.78, ಧ್ರುವಗಳ ಬಳಿ 9.83. 9.80665 ಎಂಬ ಪ್ರಮಾಣ ಬೆಲೆ 1901ರಲ್ಲಿ ಅಳತೆ ಮತ್ತು ತೂಕಗಳ ಅಂತರರಾಷ್ಟ್ರೀಯ ಸಮ್ಮೇಳನವು ವ್ಯವಹಾರಕ್ಕಾಗಿ ಗೊತ್ತುಮಾಡಿದ ಅಂಕಿ. ಕಂಪ್ಯೂಟರು ಪಾಠ ಹೇಳುವ ಮಿತ್ರರ ಮೇಲೂ ನಮಗೊಂದು ದೂರಿದೆ. ಇಂಥ ಪ್ರೋಗ್ರಾಮುಗಳನ್ನು ಕೊಟ್ಟು ‘ಇದರಿಂದ ಬರುವ ಉತ್ತರವೇನು?’ ಎಂದು ಕೇಳುವುದು ವಾಡಿಕೆಯಾಗಿದೆ. ವಿದ್ಯಾರ್ಥಿ ‘0.57’ ಎಂದು ಬರೆದು ಅಂಕ ಪಡೆಯುತ್ತಾನೆ, ನಿಯಮವನ್ನು ಒಗಟಿನಂತೆ ಬಾಯಿಪಾಠ ಮಾಡುತ್ತಾನೆ. ‘ಇದನ್ನು ಹೀಗೆ ಬರೆಯಬಹುದೆ? ಬರೆಯಬಾರದಾದರೆ ಹೇಗೆ ಬರೆಯಬೇಕು?’ ಎಂಬ ಪ್ರಶ್ನೆಗೂ ಅಷ್ಟೇ ಅಂಕಗಳನ್ನು ಇಟ್ಟು ನೋಡಲಿ ಎಂಬುದು ನಮ್ಮ ಬೇಡಿಕೆ.

ವಿದ್ಯಾರ್ಥಿನಿ ತನ್ನ ಪ್ರೋಗ್ರಾಮನ್ನು ಮತ್ತೆ ಬರೆದಳು. ‘ಬೀಳುವ ಕಾಲ’ಕ್ಕೆ ಈಗ ಎತ್ತರವೊಂದೇ ಪ್ಯಾರಾಮೀಟರು. ವೇಗೋತ್ಕರ್ಷವು ಪ್ರತಿಯೊಂದು ಗೋಳವೂ ತಾನೇ ಹೇಳಬೇಕಾದ ಗುಣ. ಮೂಲವರ್ಗದಲ್ಲಿ ಅದರ ಹೆಸರು ಮಾತ್ರ ಇದೆ, ಬೆಲೆಯಿಲ್ಲ. ಪಟ್ಟಿಯಲ್ಲಿ ಚಂದ್ರನ ಎದುರಿಗೆ 1.41 ಬಂದಿತು. ಉತ್ಸಾಹದಿಂದ ಅಂದೇ ಮಂಗಳಗ್ರಹವನ್ನೂ ಸೇರಿಸಹೊರಟು, ಅವಸರದಲ್ಲಿ ಅದರ ಬೆಲೆಯನ್ನು ಬರೆಯಲು ಮರೆತಳು. ಈ ಸಲ ಕಂಪೈಲರು ಸುಮ್ಮನಿರಲಿಲ್ಲ. ಈ ಗೋಳದ ವೇಗೋತ್ಕರ್ಷವನ್ನು ಯಾರೂ ಹೇಳಿಲ್ಲವೆಂದು ಆ ಸಾಲಿನಲ್ಲಿಯೇ ತಡೆದು ನಿಲ್ಲಿಸಿತು. ಅವಳು ಪುಸ್ತಕ ತೆರೆದು ನೋಡಿ 3.71 ಎಂದು ತುಂಬಿದಳು, 0.93 ಸೆಕೆಂಡು ಎಂದು ಉತ್ತರ ಬಂದಿತು.